ಬಾಯಿ ಇಲ್ಲದ ತುತ್ತೂರಿ

ಮೊದಲೇ ಹೇಳಿಬಿಡುತ್ತೇನೆ, ನಾನು ಇಂಥದ್ದನ್ನೆಲ್ಲ ನಂಬುವ ಹೆಂಗಸಲ್ಲ. ಯಾರಾದರೂ ಬಂದು ಸತ್ತ ಮಾವನನ್ನು ಕಂಡೆ ಎಂದರೆ, "ರಾತ್ರಿ ಎಂತ ತಿಂದು ಮಲಗಿದ್ದು?" ಎಂದು ಕೇಳಿದವಳು ನಾನು. ನಮ್ಮ ಚರ್ಚಿನ ಸ್ತ್ರೀಯರ ಕೂಟದಲ್ಲಿ ಒಬ್ಬೊಬ್ಬರು ಎದ್ದು ನಿಂತು ತಮಗೆ ಬೆಳಕು ಕಂಡಿತು, ಸ್ವರ ಕೇಳಿತು ಎಂದು ಸಾಕ್ಷಿ ಹೇಳುವಾಗ ನಾನು ಹಿಂದಿನ ಬೆಂಚಿನಲ್ಲಿ ಕೂತು ಸಂಜೆಗೆ ಎಂತ ಪದಾರ್ಥ ಮಾಡುವುದು ಎಂದು ಯೋಚಿಸುತ್ತಿದ್ದೆ. ದೇವರನ್ನು ನಂಬುತ್ತೇನೆ. ದೇವರು ನಮ್ಮ ಮನೆಯ ಕೋಣೆಗೆ ಬಂದು ಶಬ್ದ ಮಾಡುತ್ತಾನೆ ಎಂದು ನಂಬುತ್ತಿರಲಿಲ್ಲ. ಈಗ ನಂಬುತ್ತೇನೆಯೋ ಇಲ್ಲವೋ ಎಂದು ಕೇಳಿದರೆ ನನ್ನ ಹತ್ತಿರ ಉತ್ತರ ಇಲ್ಲ. ಆದದ್ದನ್ನು ಆದ ಹಾಗೆ ಬರೆಯುತ್ತೇನೆ. ಉತ್ತರ ಗೊತ್ತಿದ್ದವರು ಹೇಳಲಿ.

ನಾನು ಕಲಿತದ್ದು ನಾಲ್ಕನೇ ಕ್ಲಾಸಿನವರೆಗೆ. ಆಮೇಲೆ ಗೇರುಬೀಜದ ಕಾರ್ಖಾನೆ. ನಮ್ಮದು ಮನೆಯಲ್ಲಿ ತುಳು ಮಾತಾಡುವ ಕ್ರೈಸ್ತರ ಕುಟುಂಬ, ಆದರೆ ಚರ್ಚಿನಲ್ಲಿ ಕೀರ್ತನೆ, ನಾವು ವೇದ ಎನ್ನುವ ಬೈಬಲು, ಪ್ರಾರ್ಥನೆ ಎಲ್ಲ ಕನ್ನಡದಲ್ಲೇ. ಹಾಗಾಗಿ ಓದಲಿಕ್ಕೆ ಬರೆಯಲಿಕ್ಕೆ ತೊಂದರೆ ಇಲ್ಲ. ಅಕ್ಷರ ತಪ್ಪಿದ್ದರೆ ನೀವೇ ಸರಿ ಮಾಡಿಕೊಂಡು ಓದಿ.

ಇದಕ್ಕೆ ಮೊದಲು ನನ್ನ ಗಂಡನ ತುತ್ತೂರಿಯ ವಿಷಯ ಹೇಳಬೇಕು. ಅವರು ಹಂಚಿನ ಕಾರ್ಖಾನೆಯಲ್ಲಿ ಭಟ್ಟಿಯ ಕೆಲಸ ಮಾಡುತ್ತಿದ್ದರು, ಆದರೆ ಊರಿನವರಿಗೆಲ್ಲ ಅವರ ಗುರುತು ಬ್ಯಾಂಡಿನವರು ಎಂದು. ನಮ್ಮ ಮಂಗಳೂರಿನ ಕಡೆ ಕ್ರೈಸ್ತರ ಮದುವೆಗೂ ಬ್ಯಾಂಡು ಬೇಕು, ಮಣ್ಣಿಗೂ ಬ್ಯಾಂಡು ಬೇಕು. ಹೆಣದ ಮುಂದೆ ಬ್ಯಾಂಡಿನವರು ನಿಧಾನಕ್ಕೆ ಕೀರ್ತನೆ ಬಾರಿಸಿಕೊಂಡು ಸಮಾಧಿಯವರೆಗೆ ನಡೆಯುತ್ತಾರೆ. ಪೆಟ್ಟಿಗೆಯನ್ನು ಹಗ್ಗದಲ್ಲಿ ಗುಂಡಿಗೆ ಇಳಿಸುವಾಗ ಡೋಲು ನಿಲ್ಲುತ್ತದೆ, ಉಳಿದದ್ದೆಲ್ಲ ನಿಲ್ಲುತ್ತದೆ. ಆಗ ನನ್ನ ಗಂಡ ಒಬ್ಬರೇ ಒಂದು ಸ್ವರವನ್ನು ಹಿಡಿಯುತ್ತಿದ್ದರು. ರಾಗ ಅಲ್ಲ, ಹಾಡು ಅಲ್ಲ, ಒಂದೇ ಉದ್ದ ಸ್ವರ. ಪೆಟ್ಟಿಗೆ ಕೆಳಗೆ ಮುಟ್ಟುವವರೆಗೆ. ಅದು ಇವರ ಬ್ಯಾಂಡಿನ ಕ್ರಮ, ಬೇರೆ ಬ್ಯಾಂಡಿನಲ್ಲಿ ನಾನು ಕೇಳಿಲ್ಲ.

ಆ ಸ್ವರವನ್ನು ಅವರು ಮದುವೆಯಲ್ಲಿ ಊದುತ್ತಿರಲಿಲ್ಲ. ಮನೆಯಲ್ಲಿ ಅಭ್ಯಾಸಕ್ಕೂ ಊದುತ್ತಿರಲಿಲ್ಲ. ಮಗ ಸಣ್ಣವನಿರುವಾಗ ಹಟ ಮಾಡಿದರೂ, "ಅದು ಮನೆಯೊಳಗೆ ಊದುವ ಸ್ವರ ಅಲ್ಲ" ಎನ್ನುತ್ತಿದ್ದರು. ಮತ್ತೊಂದು ವಿಷಯ. ಬಾವಿಕಟ್ಟೆಯ ಹತ್ತಿರ ಜಾರಿ ಬಿದ್ದು ಅವರ ಮುಂದಿನ ಒಂದು ಹಲ್ಲು ಹೋಗಿತ್ತು. ಅದರ ನಂತರ ಆ ಸ್ವರ ಕೊನೆಗೆ ಬರುವಾಗ ಸ್ವಲ್ಪ ತೆಳ್ಳಗಾಗುತ್ತಿತ್ತು. ಇನ್ನೇನು ಕಡಿಯಿತು ಎನ್ನುವಾಗ ಮತ್ತೆ ದಪ್ಪವಾಗಿ ನಿಲ್ಲುತ್ತಿತ್ತು. ಬ್ಯಾಂಡಿನವರು ತಮಾಷೆ ಮಾಡುತ್ತಿದ್ದರು, "ಎಂತ ಮಾರಾಯ, ಸತ್ತವ ಇನ್ನೊಂದು ಸಲ ಕಣ್ಣು ಬಿಡುವ ಹಾಗೆ ಉಂಟು ನಿನ್ನದು" ಎಂದು. ನೂರು ತುತ್ತೂರಿಯ ನಡುವೆ ಅದನ್ನು ನಾನು ಗುರುತು ಹಿಡಿಯುತ್ತಿದ್ದೆ. ನಾನು ಬೇಡ, ಬ್ಯಾಂಡಿನ ಯಾರಾದರೂ ಹಿಡಿಯುತ್ತಿದ್ದರು.

ಊದಿ ಮನೆಗೆ ಬಂದ ಮೇಲೆ ಜಗಲಿಯಲ್ಲಿ ಕೂತು ತುತ್ತೂರಿಯ ಕೆಳಗಿರುವ ಒಂದು ಸಣ್ಣ ಕೀಲಿ ಒತ್ತಿ ಒಳಗಿನ ನೀರು ಚೆಲ್ಲುವುದು ಅವರ ಪದ್ಧತಿ. ನಾನು ಆಗಷ್ಟೇ ಸೆಗಣಿ ಸಾರಿಸಿದ ನೆಲ. "ಎಂಜಲು ಇಲ್ಲೇ ಹಾಕ್ಬೇಕಾ?" ಎಂದು ಬೈಯುತ್ತಿದ್ದೆ. "ಎಂಜಲಲ್ಲ ಮಾರಾಯ್ತಿ, ಉಸಿರು. ಒಳಗೆ ತಣಿದು ನೀರಾದದ್ದು" ಎನ್ನುತ್ತಿದ್ದರು. ಉಸಿರಾದರೂ ಸರಿ, ಒರೆಸಬೇಕಾದವಳು ನಾನೇ.

ಅವರು ತೀರಿಕೊಂಡಾಗ ಬ್ಯಾಂಡಿನ ಹಳಬರು ಬಂದು ತುತ್ತೂರಿಯ ತುದಿಯಲ್ಲಿ ತುಟಿ ಇಡುವ ಭಾಗ ಉಂಟಲ್ಲ, ನಾವು ಅದಕ್ಕೆ ಬಾಯಿ ಎನ್ನುವುದು, ಅದನ್ನು ತಿರುಗಿಸಿ ತೆಗೆದು ಅವರ ಅಂಗಿಯ ಕಿಸೆಗೆ ಹಾಕಿದರು. ಅದೂ ಅವರ ಕ್ರಮ. ಊದಿದವನ ಬಾಯಿ ಊದಿದವನ ಜೊತೆಗೇ ಹೋಗಬೇಕು. ಪೆಟ್ಟಿಗೆ ಇಳಿಯುವಾಗ ಆ ಸ್ವರ ಹಿಡಿಯುವವರು ಯಾರೂ ಇರಲಿಲ್ಲ. ಎಲ್ಲರೂ ಸುಮ್ಮನೆ ನಿಂತರು. ತುತ್ತೂರಿ ಮಾತ್ರ ಅದರ ಪೆಟ್ಟಿಗೆಯಲ್ಲಿ ಮನೆಗೆ ಬಂತು. ಮೊದಲ ವರ್ಷ ಹುಣಸೆಹುಳಿ ಹಾಕಿ ತಿಕ್ಕಿದೆ. ಆಮೇಲೆ ಎಂತಕ್ಕೆ ಎಂದು ಬಿಟ್ಟೆ. ಪೆಟ್ಟಿಗೆಯ ಕೊಂಡಿ ತುಂಡಾಗಿತ್ತು, ಅವರ ಹಳೆಯ ಬೂಟಿನ ದಾರದಲ್ಲಿ ಗಟ್ಟಿ ಕಟ್ಟಿ ಕಪಾಟಿನ ಮೇಲೆ ಇಟ್ಟೆ. ವರ್ಷಗಟ್ಟಲೆ ಅದು ಅಲ್ಲೇ ಇತ್ತು.

ಇನ್ನು ನನ್ನ ಸೊಸೆ ಶೋಭಾ. ಒಳ್ಳೆಯ ಹುಡುಗಿ, ಅದನ್ನು ಮೊದಲು ಬರೆಯುತ್ತೇನೆ. ಮುಂದಿನದ್ದನ್ನು ಓದಿ ಅವಳಿಗೆ ಮರುಳು ಎಂದುಕೊಳ್ಳಬೇಡಿ. ನನಗೆ ಎದುರು ಮಾತಾಡುತ್ತಾಳೆ, ಮನೆಯನ್ನು ಕನ್ನಡಿಯ ಹಾಗೆ ಇಡುತ್ತಾಳೆ, ಮೀನಿನ ಪುಳಿಮುಂಚಿ ನನಗಿಂತ ಚೆನ್ನಾಗಿ ಮಾಡುತ್ತಾಳೆ. ನನ್ನ ಮಗ ಸುಕುಮಾರನದು ಕುಲಶೇಖರದಲ್ಲಿ ಬೈಕು ರಿಪೇರಿಯ ಅಂಗಡಿ. ಬೈಕಿನ ಶಬ್ದ ಕೇಳಿಯೇ ಒಳಗೆ ಎಂತ ಹಾಳಾಗಿದೆ ಎಂದು ಹೇಳುತ್ತಾನೆ. ಹೆಂಡತಿ ಸುಮ್ಮನಾದರೆ ಎಂತ ಹಾಳಾಗಿದೆ ಎಂದು ಅವನಿಗೆ ಗೊತ್ತಾಗುವುದಿಲ್ಲ. ಅವರಿಗೆ ಒಬ್ಬಳು ಮಗಳು, ಆಶಾ. ಇದೆಲ್ಲ ಆಗುವಾಗ ಒಂದನೇ ಕ್ಲಾಸು.

ಆ ವರ್ಷ ಮಳೆಗಾಲ ಮುಗಿಯುವಾಗ ಶೋಭಾ ಮೊಬೈಲಿನಲ್ಲಿ ಒಬ್ಬ ಬೋಧಕರನ್ನು ಕೇಳಲು ಶುರು ಮಾಡಿದಳು. ಕಡೆಯ ತುತ್ತೂರಿ ಊದಿದಾಗ ಕರ್ತನು ತಿರುಗಿ ಬಂದು ತನ್ನವರನ್ನು ಕರೆದುಕೊಂಡು ಹೋಗುತ್ತಾನೆ, ಆ ಎರಡನೆಯ ಬರೋಣ ಹತ್ತಿರವಾಗಿದೆ, ತಯಾರಾಗಿ ಎಂದು ಅವರು ಹೇಳುವುದು. ನಾನೂ ಕೇಳಿದೆ. ಸುಳ್ಳು ಹೇಳಬಾರದು, ಮಾತು ಚೆನ್ನಾಗಿತ್ತು. ಬೆಳಗ್ಗೆ ಪಾತ್ರೆ ತೊಳೆಯುವಾಗ ಅದೇ, ಬಟ್ಟೆ ಮಡಚುವಾಗ ಅದೇ. ಆಮೇಲೆ ಅವಳು ಆಶಾಳನ್ನು ದಿನಾ ಸಂಜೆ ಸ್ನಾನ ಮಾಡಿಸಿ ಭಾನುವಾರದ ಬಿಳಿ ಫ್ರಾಕು ಹಾಕಿ ಮಲಗಿಸಲು ಶುರು ಮಾಡಿದಳು. ಮಲಗಿದಲ್ಲಿಗೆ ಕರ್ತನು ಬಂದರೆ ಮಗು ಬಿಳಿಯಲ್ಲಿ ಇರಬೇಕು. ಆ ಫ್ರಾಕನ್ನು ದಿನಾ ಒಗೆಯುವವಳು ನಾನು.

"ಒಂದು ಹಳೇ ಫ್ರಾಕು ಹಾಕು, ಅವನಿಗೆ ಗುರುತು ಸಿಗ್ತದೆ" ಎಂದೆ ಒಮ್ಮೆ.

"ಅತ್ತೆ, ನಿಮಗೆ ಎಲ್ಲ ತಮಾಷೆ. ನೀವು ತಯಾರಿದ್ದೀರಾ ಹೇಳಿ."

ನಾನು ತಯಾರೇ ಇದ್ದೆ. ನಮ್ಮ ಹಳೆಯ ಹೆಂಗಸರಲ್ಲಿ ಹೆಚ್ಚಿನವರು ಇದನ್ನು ಮಾಡುತ್ತೇವೆ, ಮಣ್ಣಿಗೆ ಹೋಗುವಾಗ ಉಡಿಸುವ ಬಿಳಿ ಸೀರೆ, ರವಕೆ, ಕಾಲುಚೀಲ, ಕೈಗೊಂದು ಕರ್ಚೀಪು, ಎಲ್ಲ ಇಸ್ತ್ರಿ ಮಾಡಿ ಟ್ರಂಕಿನಲ್ಲಿ ಇಟ್ಟಿರುತ್ತೇವೆ. ಕೊನೆಗೆ ಮಕ್ಕಳು ಅಂಗಡಿ ಅಂಗಡಿ ಓಡಬಾರದಲ್ಲ. ಟ್ರಂಕು ತೆಗೆದು ಅವಳಿಗೆ ತೋರಿಸಿದೆ. ಅವಳು ನೋಡಿ, "ಇದು ಸಾಯ್ಲಿಕ್ಕೆ ತಯಾರಿ ಅತ್ತೆ. ಬದುಕಿರುವಾಗಲೇ ಅವನು ಬಂದರೆ ಎಂತ ಉಡ್ತೀರಿ?" ಎಂದಳು. ಅದು ನನಗೆ ಹೊಳೆದಿರಲಿಲ್ಲ.

ಪಕ್ಕದ ಮನೆಯ ಗಿರಿಜಕ್ಕನಿಗೂ ವಿಷಯ ಗೊತ್ತಾಯಿತು. ಅವರು ದೈವದೇವರನ್ನು ನಂಬುವ ತುಳುವರು, ನನ್ನ ಪ್ರಾಯದವರು. ನಾವಿಬ್ಬರು ಉರ್ವದ ಈ ಓಣಿಗೆ ಸೊಸೆಯಂದಿರಾಗಿ ಬಂದಂದಿನಿಂದ ಕಂಪೌಂಡಿನ ಗೋಡೆಯ ಮೇಲೆಯೇ ಮಾತು. "ನಿಮ್ಮ ದೇವರು ಬರುವಾಗ ಪಕ್ಕದ ಮನೆಯವರನ್ನೂ ಕರ್ಕೊಂಡು ಹೋಗ್ತಾರಾ, ಅಲ್ಲ ಪಾಸು ಬೇಕಾ?" ಎಂದು ಕೇಳಿದರು. ನನಗೇ ಪಾಸು ಸಿಕ್ಕಿದೆಯಾ ಎಂದು ಗೊತ್ತಿಲ್ಲ ಮಾರಾಯ್ತಿ ಎಂದೆ.

ನಗುವುದು ಅಲ್ಲಿಗೆ ಮುಗಿಯಿತು. ಒಂದು ದಿನ ಶೋಭಾ ಬಟ್ಟೆ ಬದಲಿಸುವಾಗ ನಾನು ಗೊತ್ತಿಲ್ಲದೆ ಕೋಣೆಗೆ ಹೋದೆ. ಅವಳು ಕೈಯನ್ನು ಎದೆಗೆ ಒತ್ತಿ ಹಿಡಿದಿದ್ದಳು. ನನಗೆ ಆ ಹಿಡಿದ ರೀತಿ ಸರಿ ಕಾಣಲಿಲ್ಲ. ಕೈ ತೆಗೆಸಿ ಮುಟ್ಟಿ ನೋಡಿದೆ. ಹಸಿ ಅಡಿಕೆಯಷ್ಟು ದೊಡ್ಡ ಗಂಟು. ಎಷ್ಟು ಸಮಯದಿಂದ ಎಂದು ಕೇಳಿದರೆ ರವಕೆಯ ಗುಂಡಿ ಹಾಕಿಕೊಂಡಳು. ಮಾರನೇ ದಿನ ಸಿಟಿ ಬಸ್ಸು ಹತ್ತಿಸಿ ಫಳ್ನೀರಿನ ಆಸ್ಪತ್ರೆಗೆ ಕರೆದುಕೊಂಡು ಹೋದೆ. ಪರೀಕ್ಷೆ ಮಾಡಿದರು, ಸೂಜಿ ಹಾಕಿದರು. ಅದು ಕೆಟ್ಟ ಗಂಟು, ಬೇಗ ತೆಗೆಯಬೇಕು, ಈಗ ತೆಗೆದರೆ ಉಳಿಯುತ್ತಾಳೆ, ತಡ ಮಾಡಿದರೆ ಹೇಳಲಿಕ್ಕಾಗುವುದಿಲ್ಲ ಎಂದರು ಡಾಕ್ಟರಮ್ಮ.

ಶೋಭಾ ಬೇಡ ಎಂದಳು. ಗಲಾಟೆ ಮಾಡಲಿಲ್ಲ, ಅಳಲಿಲ್ಲ. ಕರ್ತನು ಕ್ರಿಸ್ಮಸ್ಸಿನ ಮೊದಲೇ ಬರಬಹುದಂತೆ, ಎಂತಕ್ಕೆ ಕತ್ತರಿಸುವುದು ಎಂದಳು ಅಷ್ಟೇ. ಕ್ರಿಸ್ಮಸ್ಸು ಬಂತು, ಹಬ್ಬದ ಕುಸ್ವಾರು ತಿಂಡಿ ತಿಂದು ಮುಗಿಯಿತು. ಮೊಬೈಲಿನ ಬೋಧಕರು ಶುಭ ಶುಕ್ರವಾರದ ಒಳಗೆ ಎಂದರು. ಇವಳು ಹಾಗಾದರೆ ಅಲ್ಲಿಯವರೆಗೆ ಕಾಯೋಣ ಎಂದಳು. ಸುಕುಮಾರ ಅವಳ ಎದುರು ಕೂತು ಅತ್ತ. ಗಂಡಸು ಅತ್ತರೆ ಕೆಲಸ ಆಗುತ್ತದೆಯೇ? ನಮ್ಮ ಚರ್ಚಿನ ಸಭಾಪಾಲಕರನ್ನು ಕರೆಸಿದೆ. ಕರ್ತನು ಬರುವುದು ಸತ್ಯ, ಡಾಕ್ಟರರನ್ನು ಕೊಟ್ಟವನೂ ಅವನೇ, ಎರಡಕ್ಕೂ ಜಗಳ ಇಲ್ಲಮ್ಮ ಎಂದು ಅವರು ಸಮಾಧಾನವಾಗಿ ಹೇಳಿದರು. ಅವರು ಗೇಟು ದಾಟಿದ ಮೇಲೆ ಶೋಭಾ, "ಅವರ ವಿಶ್ವಾಸ ಉಗುರು ಬೆಚ್ಚಗೆ ಅತ್ತೆ, ಬಿಸಿ ಇಲ್ಲ" ಎಂದಳು.

ನಾನು ನನ್ನ ರೀತಿಯಲ್ಲಿ ಕೇಳಿದೆ. "ನಿನ್ನ ಸಂಕಟ ಎಂತದು? ಸರಿ ಹೇಳು."

"ಅವನು ಬರುವಾಗ ನಾನು ಆಪರೇಶನ್ನಿನ ಮಂಚದಲ್ಲಿ ಎಚ್ಚರ ಇಲ್ಲದೆ ಬಿದ್ದಿದ್ದರೆ?"

"ಎಬ್ಬಿಸ್ತಾನೆ. ಗೋರಿಯಿಂದ ಎಬ್ಬಿಸುವವನಿಗೆ ಮಂಚದಿಂದ ಎಬ್ಬಿಸ್ಲಿಕ್ಕೆ ಕಷ್ಟವಾ?"

ಅವಳಿಗೆ ನಗು ಬಂತು. ನಕ್ಕವಳು ಹಾಗೇ ಅಳಲು ಶುರು ಮಾಡಿದಳು. ಆಗ ಹೇಳಿದಳು, ಅವಳ ಅಮ್ಮ ಇದೇ ಪ್ರಾಯದಲ್ಲಿ ಹೀಗೇ ಒಂದು ಆಪರೇಶನ್ನಿಗೆ ಒಳಗೆ ಹೋದವರು ಹೊರಗೆ ಬರಲಿಲ್ಲವಂತೆ. ಇವಳು ಆಗ ಆಶಾಳಷ್ಟೇ ಇದ್ದಳಂತೆ, ಬಾಗಿಲ ಹೊರಗೆ ಬೆಂಚಿನಲ್ಲಿ ಬಿಸ್ಕತ್ತು ತಿನ್ನುತ್ತಾ ಕೂತಿದ್ದಳಂತೆ. ಮದುವೆಯಾಗಿ ಇಷ್ಟು ವರ್ಷದಲ್ಲಿ ಒಂದು ಸಲವೂ ಹೇಳಿದವಳಲ್ಲ. ನನಗೆ ಆಗ ಅರ್ಥವಾಯಿತು, ಈ ಹುಡುಗಿಗೆ ಕರ್ತನ ಬರೋಣದ ಆಸೆಗಿಂತ ಆ ಬಾಗಿಲಿನ ಹೆದರಿಕೆ ಹೆಚ್ಚು. ಆ ಬಾಗಿಲಿಗೆ ಮೊದಲು ಅವನು ಬಂದು ಕರೆದುಕೊಂಡು ಹೋದರೆ ಎಲ್ಲ ಮುಗಿಯಿತಲ್ಲ. ಅರ್ಥವಾದರೂ ನನ್ನ ಕೈಯಲ್ಲಿ ಮಾಡಲಿಕ್ಕೆ ಎಂತ ಇತ್ತು? ಡಾಕ್ಟರಮ್ಮ ಮತ್ತೊಂದು ದಿನ ಕೊಟ್ಟಿದ್ದರು, ಮುಂದಿನ ವಾರ. ಇವಳು ಹೋಗುವುದಿಲ್ಲ ಎಂದು ಕೂತಿದ್ದಳು. ನಾನು ಆಶಾಳ ಜಡೆ ಹಾಕಲು ಕಲಿಯಬೇಕಾ ಎಂದು ಯೋಚಿಸುತ್ತಿದ್ದೆ. ಮನಸ್ಸು ಅಲ್ಲಿಯವರೆಗೆ ಹೋಗಿತ್ತು.

ಈಗ ಆ ಮಧ್ಯಾಹ್ನ.

ಕ್ರಿಸ್ಮಸ್ಸು ಕಳೆದು ಸೆಕೆ ಇನ್ನೂ ಶುರುವಾಗದ ದಿನಗಳು. ನಮ್ಮ ಊರಿನಲ್ಲಿ ಗಾಳಿ ಸ್ವಲ್ಪ ಒಣಗಿರುವುದು ಆಗ ಮಾತ್ರ. ಅಂಗಳದಲ್ಲಿ ಹಾಕಿದ ಮೆಣಸು ಮುಟ್ಟಿದರೆ ಮುರಿಯುತ್ತಿತ್ತು. ಆಶಾ ಶಾಲೆಗೆ ಹೋಗಿದ್ದಳು, ವ್ಯಾನು ಬರಲಿಕ್ಕೆ ಹೊತ್ತಿತ್ತು. ಶೋಭಾ ಹೊರಗಿನ ಕೋಣೆಯಲ್ಲಿ ಬಟ್ಟೆ ಮಡಚುತ್ತಿದ್ದಳು. ಅವಳ ಮೊಬೈಲಿನ ಗಾಜು ಒಡೆದು ಹಿಂದಿನ ದಿನವೇ ಸುಕುಮಾರ ರಿಪೇರಿಗೆ ತೆಗೆದುಕೊಂಡು ಹೋಗಿದ್ದ. ಇದನ್ನು ಯಾಕೆ ಹೇಳುತ್ತೇನೆ ಎಂದರೆ ಎಲ್ಲರೂ ಮೊದಲು ಕೇಳುವುದು ಮೊಬೈಲಿನ ಶಬ್ದ ಇರಬಹುದಲ್ಲ ಎಂದು. ಮನೆಯಲ್ಲಿ ಮೊಬೈಲು ಇರಲಿಲ್ಲ. ಟೀವಿ ಬಂದ್. ನಾನು ಅಡುಗೆಮನೆಯಲ್ಲಿ ಕೆಳಗೆ ಕೂತು ಸಿಗಡಿ ಸುಲಿಯುತ್ತಿದ್ದೆ, ಒಲೆಯ ಮೇಲೆ ಕುಚ್ಚಲಕ್ಕಿ ಬೇಯುತ್ತಿತ್ತು. ನಿದ್ದೆ ಮಾಡುತ್ತಿರಲಿಲ್ಲ. ಸಿಗಡಿ ಸುಲಿಯುತ್ತಾ ಯಾರಿಗೂ ನಿದ್ದೆ ಬರುವುದಿಲ್ಲ.

ಆಗ ಸ್ವರ ಕೇಳಿತು.

ದೂರದಿಂದ ಬಂದದ್ದಲ್ಲ. ಮನೆಯೊಳಗಿಂದ, ನನ್ನ ಕೋಣೆಯ ಕಡೆಯಿಂದ. ಮೊದಲು ಮೆಲ್ಲಗೆ, ಆಮೇಲೆ ತುಂಬಿ, ಗೋಡೆಯ ಮೇಲಿನ ಪಾತ್ರೆಗಳು ಸಣ್ಣಕ್ಕೆ ಗುಂಯ್ ಎನ್ನುವಷ್ಟು. ಒಂದೇ ಸ್ವರ. ನಾನು ಸಿಗಡಿ ಹಿಡಿದುಕೊಂಡು ಹಾಗೇ ಕೂತೆ. ಅದು ಹೋಗುತ್ತಾ ಹೋಗುತ್ತಾ ತೆಳ್ಳಗಾಯಿತು, ಇನ್ನೇನು ಕಡಿಯಿತು ಎನ್ನುವಾಗ ಮತ್ತೆ ದಪ್ಪವಾಗಿ ನಿಂತಿತು. ಆಮೇಲೆ ನಿಂತುಹೋಯಿತು.

ನಾನು ಮೊದಲು ಮಾಡಿದ್ದು ಎಂತ ಗೊತ್ತುಂಟಾ? ಎದ್ದು ಗ್ಯಾಸು ಬಂದ್ ಮಾಡಿದೆ. ಎರಡನೆಯದು, ಸಾಬೂನು ಹಾಕಿ ಕೈ ತೊಳೆದೆ. ಸಿಗಡಿಯ ವಾಸನೆಯಲ್ಲಿ ಕರ್ತನ ಎದುರು ನಿಲ್ಲುವುದು ಹೇಗೆ ಎಂದು ನನ್ನ ತಲೆಯಲ್ಲಿ ಇದ್ದದ್ದು ಅಷ್ಟೇ. ಪ್ರಾರ್ಥನೆ ನೆನಪಾಗಲಿಲ್ಲ. ಟ್ರಂಕಿನ ಬಿಳಿ ಸೀರೆ ನೆನಪಾಗಲಿಲ್ಲ. ನಂಬದ ಹೆಂಗಸು ಎಂದೆನಲ್ಲ, ಆ ಹೊತ್ತಿನಲ್ಲಿ ನಾನು ಪೂರ್ತಿ ನಂಬಿದ್ದೆ. ವೇದದಲ್ಲಿ ಹೇಳಿದ ಕಡೆಯ ತುತ್ತೂರಿ ಇದೇ ಎಂದು ನಂಬಿದ್ದೆ, ಜೊತೆಗೆ ಅದು ನನ್ನ ಗಂಡನ ಸ್ವರ ಎಂದೂ ಗೊತ್ತಿತ್ತು. ಎರಡೂ ಹೇಗೆ ಒಟ್ಟಿಗೆ ಆಗುತ್ತದೆ ಎಂದು ಕೇಳಬೇಡಿ. ಆಗ ಹಾಗೇ ಇತ್ತು.

ಹೊರಗಿನ ಕೋಣೆಯಿಂದ ಶೋಭಾ ಕೂಗಿದಳು. ಕರ್ತನೇ ಎಂದಲ್ಲ. "ಆಶಾ!" ಎಂದು. ಮಡಚಿದ ಬಟ್ಟೆಯನ್ನು ತುಳಿದುಕೊಂಡು, ಚಪ್ಪಲಿ ಇಲ್ಲದೆ, ಗೇಟು ತೆರೆದು ಓಡಿದಳು. ನಾನು ಬಾಗಿಲಿಗೆ ಬರುವಾಗ ಅವಳು ಓಣಿಯ ತಿರುವು ದಾಟಿ ಆಗಿತ್ತು.

ಆಗಲೇ ಗಿರಿಜಕ್ಕ ಕೈಯಲ್ಲಿ ಅಲ್ಯುಮಿನಿಯಂ ಬಟ್ಟಲು ಹಿಡಿದುಕೊಂಡು ಕಂಪೌಂಡಿನ ಹತ್ತಿರ ಬಂದರು. "ಮೀನಿನವ ಪುನಃ ಬಂದನಾ? ಬೂತಾಯಿ ಉಂಟಾ ಅವನ ಹತ್ತಿರ?" ನಮ್ಮ ಕಡೆ ಮೀನಿನವರು ಸ್ಕೂಟರಿನಲ್ಲಿ ಹಾರ್ನು ಬಾರಿಸಿಕೊಂಡು ಬರುತ್ತಾರೆ, ನಿಮಗೆ ಗೊತ್ತಿರಬಹುದು. ಆದರೆ ನಮ್ಮ ಓಣಿಯವನು ಬರುವುದು ಬೆಳಗ್ಗೆ. ಅಂದೂ ಬೆಳಗ್ಗೆಯೇ ಬಂದು ಹೋಗಿದ್ದ, ನನ್ನ ಸಿಗಡಿ ಅವನದೇ. ರಸ್ತೆಯಲ್ಲಿ ಯಾರೂ ಇರಲಿಲ್ಲ.

"ನಿಮಗೂ ಕೇಳಿತಾ?" ಎಂದೆ.

"ಕೇಳದೆ? ನಿಮ್ಮ ಮನೆಯ ಹಿಂದೆಯೇ ನಿಲ್ಲಿಸಿದ ಹಾಗೆ ಇತ್ತು. ಎಂತ, ಮುಖ ಹಾಗೆ ಮಾಡಿದ್ದೀರಿ?"

ನಾನು ಒಳಗೆ ಹೋದೆ. ಅವರು ಸ್ವಲ್ಪ ಹೊತ್ತು ಬಟ್ಟಲು ಹಿಡಿದುಕೊಂಡು ರಸ್ತೆ ನೋಡುತ್ತಾ ನಿಂತಿದ್ದರು. ನನಗೆ ಕರ್ತನ ತುತ್ತೂರಿ, ಅವರಿಗೆ ಬೂತಾಯಿ. ಆದರೆ ಅವರಿಗೂ ಕೇಳಿತ್ತು. ಅದನ್ನು ಮರೆಯಬೇಡಿ.

ಸ್ಟೂಲು ಇಟ್ಟು ಹತ್ತಿ ಕಪಾಟಿನ ಮೇಲಿನ ಪೆಟ್ಟಿಗೆ ಇಳಿಸಿದೆ. ಮೇಲೆ ಧೂಳು ಹಾಸಿದ ಹಾಗೆ ಇತ್ತು, ಯಾರ ಬೆರಳಿನ ಗುರುತೂ ಇರಲಿಲ್ಲ. ಬೂಟಿನ ದಾರ ನಾನು ಕಟ್ಟಿದ ಹಾಗೇ ಇತ್ತು. ಗಂಟು ಎಷ್ಟು ಬಿಗಿದಿತ್ತೆಂದರೆ ಬಿಚ್ಚಲು ಬರಲಿಲ್ಲ, ಅಡುಗೆಮನೆಯ ಚೂರಿ ತಂದು ಕತ್ತರಿಸಿದೆ. ಒಳಗೆ ತುತ್ತೂರಿ ಮಲಗಿತ್ತು. ಹಸಿರು ಹಿಡಿದಿತ್ತು. ಬಾಯಿ ಇಲ್ಲ, ಬಾಯಿ ಇರುವುದು ಮಣ್ಣಿನ ಕೆಳಗೆ ಅವರ ಅಂಗಿಯ ಕಿಸೆಯಲ್ಲಿ. ಬಾಯಿ ಇಲ್ಲದೆ ಯಾರು ಊದಿದರೂ ಬುಸ್ ಎಂದು ಗಾಳಿ ಹೋಗುತ್ತದೆ ಬಿಟ್ಟರೆ ಸ್ವರ ಬರುವುದಿಲ್ಲ.

ಮಂಚದಲ್ಲಿ ಕೂತು ಅದನ್ನು ತೊಡೆಯ ಮೇಲೆ ಇಟ್ಟುಕೊಂಡೆ. ಎಂತಕ್ಕೆ ಎಂದು ಗೊತ್ತಿಲ್ಲ, ಕೈ ತಾನಾಗಿ ಕೆಳಗಿನ ಕೀಲಿಗೆ ಹೋಯಿತು. ಒತ್ತಿದೆ. ನೀರು ಬಂತು. ಹೆಚ್ಚಲ್ಲ, ಒಂದು ಸಣ್ಣ ಚಮಚದಷ್ಟು. ನನ್ನ ಸೀರೆಯ ಮೇಲೆ ಬಿತ್ತು. ಮುಟ್ಟಿ ನೋಡಿದೆ. ತಣ್ಣಗಿರಲಿಲ್ಲ.

ಗೇಟಿನ ಶಬ್ದವಾದಾಗ ತುತ್ತೂರಿಯನ್ನು ಪೆಟ್ಟಿಗೆಗೆ ಹಾಕಿ ಮಂಚದ ಕೆಳಗೆ ತಳ್ಳಿದೆ.

ಶೋಭಾ ಆಶಾಳನ್ನು ಸೊಂಟದ ಮೇಲೆ ಎತ್ತಿಕೊಂಡು ಬಂದಿದ್ದಳು. ಅಷ್ಟು ದೊಡ್ಡ ಹುಡುಗಿ, ಎರಡು ಕಾಲೂ ನೇತಾಡುತ್ತಿತ್ತು. ಮೊಣಕಾಲಿಗೆ ಮಣ್ಣು, ಯೂನಿಫಾರ್ಮಿನ ಎದುರಿಗೆ ಉಪ್ಪಿನಕಾಯಿಯ ಕಲೆ. "ಅಮ್ಮ ಶಾಲೆಯ ಗೇಟಿಗೇ ಬಂದರು, ಅಳ್ತಾ ಬಂದರು, ಎಲ್ಲರೂ ನೋಡಿದರು" ಎಂದು ಮಗುವಿನ ದೂರು. ಮಗುವಿಗೆ ನಾಚಿಕೆಯಾಗಿತ್ತು. ಬ್ಯಾಗು ಬಿಸಾಡಿ ತಿಂಡಿ ಹುಡುಕಲು ಒಳಗೆ ಹೋಯಿತು. ಶೋಭಾ ಮೆಟ್ಟಿಲಲ್ಲಿ ಕೂತಳು. ಅಂಗಾಲಿನಲ್ಲಿ ರಕ್ತ ಇತ್ತು. ನಾನು ನೀರು ತಂದು ಕಾಲು ತೊಳೆದೆ. ಅವಳು ಬೇಡ ಎನ್ನಲಿಲ್ಲ.

"ಅತ್ತೆ, ನೀವು ಕೇಳಿದಿರಾ?"

"ಕೇಳಿದೆ."

"ನಾನು ಮೇಲೆ ನೋಡಲೇ ಇಲ್ಲ" ಎಂದಳು. "ಇಷ್ಟು ತಿಂಗಳಿಂದ ಕಾದಿದ್ದೇನೆ. ಬಂತು ಅಂತ ಗೊತ್ತಾದಾಗ ಆಕಾಶ ನೋಡಲಿಲ್ಲ. ರಸ್ತೆ ನೋಡಿದೆ. ಇನ್ನು ಸ್ವಲ್ಪ ಸಮಯ ಕೊಡು, ಇನ್ನು ಸ್ವಲ್ಪ ಅಂತ ಹೇಳ್ತಾ ಓಡಿದೆ. ನಾನು ತಯಾರಿಲ್ಲ ಅತ್ತೆ. ನನ್ನದೆಲ್ಲ ಸುಳ್ಳು."

ನನಗೆ ಒಳ್ಳೆಯ ಮಾತು ಬರುವುದಿಲ್ಲ. ಬಂದದ್ದನ್ನು ಹೇಳಿದೆ. "ನಾನು ಗ್ಯಾಸು ಬಂದ್ ಮಾಡಿದೆ. ಕೈ ತೊಳೆದೆ. ನೀನು ಮಗುವನ್ನು ತರಲು ಹೋದೆ. ನಮ್ಮಲ್ಲಿ ಯಾರೂ ಅಡಗಿ ಕೂರಲಿಲ್ಲ. ಬಾಗಿಲು ಹಾಕಿಕೊಳ್ಳಲಿಲ್ಲ. ತಯಾರಿ ಅಂದರೆ ಮತ್ತೆ ಎಂತ, ನನಗೆ ಗೊತ್ತಿಲ್ಲ. ಅವನನ್ನು ಹೆತ್ತವಳೂ ಒಬ್ಬಳು ಅಮ್ಮನೇ ಅಲ್ವಾ? ಮಗುವಿನ ಹಿಂದೆ ಓಡಿದವಳನ್ನು ಬಿಟ್ಟುಹೋಗ್ತಾನಾ?"

ಒಳಗಿನಿಂದ ಆಶಾ, "ಅನ್ನ ಬೇಯಲೇ ಇಲ್ಲ, ಅಜ್ಜಿ!" ಎಂದು ಕೂಗಿದಳು. ಶೋಭಾ ಕಣ್ಣು ಒರೆಸಿಕೊಂಡು ಎದ್ದಳು. ಬಾಗಿಲಿನಲ್ಲಿ ನಿಂತು ನನ್ನ ಕಡೆ ತಿರುಗದೆ, "ಮುಂದಿನ ವಾರ ನೀವೇ ಬರಬೇಕು ನನ್ನ ಜೊತೆ. ಬಾಗಿಲ ಹತ್ತಿರ ಆಶಾಳನ್ನು ಕೂರಿಸಬಾರದು" ಎಂದಳು.

ಹೋದೆವು. ಆಶಾಳನ್ನು ಗಿರಿಜಕ್ಕನ ಮನೆಯಲ್ಲಿ ಬಿಟ್ಟೆವು. ಬಾಗಿಲ ಹೊರಗೆ ಬೆಂಚಿನಲ್ಲಿ ನಾನು ಕೂತೆ. ಬಿಸ್ಕತ್ತು ಯಾರೋ ಕೊಟ್ಟರು, ತಿನ್ನಲಿಲ್ಲ. ಅಷ್ಟು ಹೊತ್ತೂ ನಾನು ಕಿವಿ ಕೊಟ್ಟು ಕೂತಿದ್ದೆ, ಮತ್ತೆ ಆ ಸ್ವರ ಕೇಳುತ್ತದೆಯೋ ಎಂದು. ಕೇಳಲಿಲ್ಲ. ಶೋಭಾ ಹೊರಗೆ ಬಂದಳು. ಆಮೇಲೆ ಔಷಧಿಗೆ ಅವಳ ಕೂದಲು ಹೋಯಿತು, ತಲೆಗೆ ಬಟ್ಟೆ ಕಟ್ಟಿಕೊಂಡು ಚರ್ಚಿಗೆ ಬಂದಳು, ಮುಂದಿನ ಬೆಂಚಿನಲ್ಲೇ ಕೂತಳು. ವರ್ಷದ ನಂತರ ಬಂದ ಕೂದಲು ಗುಂಗುರು. ಈಗಲೂ ಕೆಲವು ದಿನ ಆ ಬೋಧಕರನ್ನು ಕೇಳುತ್ತಾಳೆ. ಕರ್ತನು ಬರುತ್ತಾನೆ ಎಂದು ನಂಬುತ್ತಾಳೆ. ನಾನೂ ನಂಬುತ್ತೇನೆ. ಪರೀಕ್ಷೆಗೆ ಕರೆದ ದಿನ ತಪ್ಪದೆ ಫಳ್ನೀರಿಗೆ ಹೋಗುತ್ತಾಳೆ. ಬಿಳಿ ಫ್ರಾಕು ಆಶಾಳಿಗೆ ಹಿಡಿಯುವುದಿಲ್ಲ, ಯಾರಿಗೋ ಕೊಟ್ಟಾಯಿತು.

ನೀರಿನ ವಿಷಯ ನಾನು ಶೋಭಾಳಿಗೆ ಹೇಳಲಿಲ್ಲ. ಸುಕುಮಾರನಿಗೆ ಒಮ್ಮೆ ಹೇಳಿದೆ. ಲೋಹದೊಳಗೆ ಗಾಳಿಯ ತೇವ ನಿಲ್ಲುತ್ತದೆ, ಬೈಕಿನ ಟ್ಯಾಂಕಿನಲ್ಲೂ ಆಗುತ್ತದೆ ಎಂದ. ಇರಬಹುದು. ಆದರೆ ಒಣ ಗಾಳಿಯ ಆ ದಿನಗಳಲ್ಲಿ? ಸ್ವರಕ್ಕೆ ಎಂತ ಹೇಳ್ತೀ ಎಂದರೆ ಎಲ್ಲಿಯೋ ಬ್ಯಾಂಡು ಇದ್ದಿರಬೇಕು ಎಂದ. ನಾನು ಆವತ್ತೇ ವಿಚಾರಿಸಿದ್ದೆ. ಅಂದು ಹತ್ತಿರದಲ್ಲಿ ಮದುವೆ ಇರಲಿಲ್ಲ, ಮಣ್ಣು ಇರಲಿಲ್ಲ, ಚರ್ಚಿನ ಗಂಟೆಯೂ ಆಗಿರಲಿಲ್ಲ. ಸಭಾಪಾಲಕರು ಕೇಳಿ, ದೇವರ ಮಾರ್ಗ ನಮಗೆ ತಿಳಿಯುವುದಿಲ್ಲಮ್ಮ ಎಂದರು. ಅದು ನನಗೂ ಗೊತ್ತಿತ್ತು. ಗಿರಿಜಕ್ಕ ಇಂದಿಗೂ ಅದು ಮೀನಿನವನೇ, ನಮ್ಮನ್ನು ನೋಡಿ ನಿಲ್ಲಿಸದೆ ಹೋದದ್ದು ಎನ್ನುತ್ತಾರೆ.

ನನ್ನನ್ನು ಕಾಡುವುದು ಬೇರೆ ಒಂದು. ನನ್ನ ಗಂಡ ಆ ಸ್ವರ ಹಿಡಿಯುತ್ತಿದ್ದದ್ದು ಪೆಟ್ಟಿಗೆ ಇಳಿಯುವಾಗ ಮಾತ್ರ. ಮನೆಯೊಳಗೆ ಊದುವ ಸ್ವರ ಅಲ್ಲ ಎಂದವರು. ಅವರೇ ಊದಿದ್ದಾದರೆ, ಅಂದು ನಮ್ಮ ಮನೆಯಲ್ಲಿ ಯಾರನ್ನು ಇಳಿಸುತ್ತಿದ್ದರು? ಯಾರೂ ಹೋಗಲಿಲ್ಲ. ಹೋಗಬೇಕಾದವಳು ಎದ್ದು ರಸ್ತೆಗೆ ಓಡಿದಳು. ಅಥವಾ ಅದು ನನಗೆ ಊದಿದ್ದು, ನಾನು ಗ್ಯಾಸು ಬಂದ್ ಮಾಡುವ ಗಡಿಬಿಡಿಯಲ್ಲಿ ಹೋಗಲಿಲ್ಲವೋ ಏನೋ. ಅಥವಾ ಅವರಲ್ಲ, ಕರ್ತನೇ, ಬೇರೆ ತುತ್ತೂರಿ ಸಿಗದೆ ಹತ್ತಿರ ಇದ್ದದ್ದನ್ನು ಎತ್ತಿಕೊಂಡನೋ. ಎಷ್ಟು ಯೋಚಿಸಿದರೂ ಒಂದು ಕಡೆ ನಿಲ್ಲುವುದಿಲ್ಲ.

ನೀರು ಬಿದ್ದ ಸೀರೆಯನ್ನು ಮಾರನೇ ದಿನ ಒಗೆದೆ. ಒಗೆಯದೆ ಇಟ್ಟುಕೊಳ್ಳುವಷ್ಟು ಹುಚ್ಚು ನನಗಿಲ್ಲ. ಪೆಟ್ಟಿಗೆ ಈಗ ಕಪಾಟಿನ ಮೇಲೆ ಇಲ್ಲ, ನನ್ನ ಮಂಚದ ಕೆಳಗೆ ಉಂಟು, ಟ್ರಂಕಿನ ಪಕ್ಕದಲ್ಲಿ. ಪುನಃ ಕಟ್ಟಲಿಲ್ಲ. ಮಧ್ಯಾಹ್ನ ಮನೆಯಲ್ಲಿ ಯಾರೂ ಇಲ್ಲದಾಗ ಕೆಲವು ಸಲ ಎಳೆದು ತೆರೆಯುತ್ತೇನೆ, ಕೆಳಗಿನ ಕೀಲಿ ಒತ್ತಿ ನೋಡುತ್ತೇನೆ. ಇಷ್ಟರವರೆಗೆ ಒಣಗಿಯೇ ಉಂಟು.